ಬರಿದಾಗದ ಮಗ್ಗ

"ಗುರುಗಳೇ, ಹಂಬಲ ಎನ್ನುವುದು ಪ್ರೀತಿಯ ಗುರುತೋ, ಮನಸ್ಸಿನ ರೋಗವೋ?" ಎಂದು ಮುಕ್ಕಣ್ಣ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರು ಮಠದ ಕಟ್ಟೆಯ ಮೇಲೆ ಕುಳಿತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಮುಕ್ಕಣ್ಣ ಅವರ ಶಿಷ್ಯ. ಬಹಳ ದಿನಗಳಿಂದ ಈ ಪ್ರಶ್ನೆಯನ್ನು ತಿದ್ದಿ ತೀಡಿ ಇಟ್ಟುಕೊಂಡಿದ್ದವನಂತೆ ಕಾಣುತ್ತಿದ್ದ.

"ಪ್ರಶ್ನೆಗೆ ಮಡಿ ಉಡಿಸಿ ಕರೆತಂದಿದ್ದೀಯೆ," ಎಂದರು ಗುರು. "ಇರಲಿ, ಉಳಿದದ್ದನ್ನೂ ಹೇಳು."

"ನನ್ನ ಮನಸ್ಸು ಒಂದು ಕಡೆಗೆ ಎಳೆಯುತ್ತದೆ. ಓದಲು ಕುಳಿತರೂ ಎಳೆಯುತ್ತದೆ, ಧ್ಯಾನಕ್ಕೆ ಕುಳಿತರೂ ಎಳೆಯುತ್ತದೆ. ಕಿತ್ತು ಹಾಕೋಣವೆಂದರೆ ಆಗುವುದಿಲ್ಲ. ಒಮ್ಮೊಮ್ಮೆ ಆ ಎಳೆತವೇ ಹಿತವಾಗಿಯೂ ಇರುತ್ತದೆ."

"ಹಿತವಾಗಿರುತ್ತದೆ ಎಂದೆಯಲ್ಲ, ಅದೊಂದು ಮಾತು ಸತ್ಯ," ಎಂದು ಗುರು ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಒಬ್ಬಳೇ ಅಕ್ಕ. ತಂದೆಯ ಮುಖ ಅವನಿಗೆ ನೆನಪಿರಲಿಲ್ಲ. ತಾಯಿ ಕಣ್ಣು ಮುಚ್ಚಿದಾಗ ಅವನಿನ್ನೂ ತೊದಲುವ ಕೂಸು. ಅಕ್ಕ ತಾನೂ ಹುಡುಗಿಯೇ, ಆದರೂ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಮಗ್ಗದ ಗುಂಡಿಗೆ ಇಳಿದಳು. ಹಗಲೆಲ್ಲ ನೇಯ್ದು ಅವನ ಹೊಟ್ಟೆ ತುಂಬಿಸಿದಳು. ಅವನ ಕೈಗೆ ಮೊದಲು ಲಾಳಿ ಕೊಟ್ಟವಳು ಅವಳೇ. ಎಳೆ ತಪ್ಪಿಸಿದಾಗ ತಲೆಗೆ ಮೊಟಕಿದವಳೂ ಅವಳೇ. ಆ ಮೊಟಕಿನ ಹೆದರಿಕೆಯಿಂದಲೇ ಅವನು ಊರಿಗೆಲ್ಲ ಒಳ್ಳೆಯ ನೇಕಾರನಾದ.

ಆ ನೇಕಾರರ ಓಣಿಯಲ್ಲಿ ಒಂದು ಕಟ್ಟಳೆಯಿತ್ತು. ಮಗ್ಗ ಎಂದೂ ಬರಿದಾಗಿ ನಿಲ್ಲಬಾರದು. ಒಂದು ಸೀರೆಯ ನೇಯ್ಗೆ ಕೊನೆಗೆ ಬಂದಾಗ ಹಾಸಿನ ನೂಲನ್ನು, ಎಂದರೆ ಉದ್ದಕ್ಕೆ ಹೂಡಿದ ಎಳೆಗಳನ್ನು, ಪೂರ್ತಿ ನೇಯುವುದಿಲ್ಲ. ಗೇಣುದ್ದ ಹಾಗೇ ಬಿಡುತ್ತಾರೆ. ಆ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಅದನ್ನು ಕೆಚ್ಚುವುದು ಎನ್ನುತ್ತಾರೆ. ಹೀಗೆ ಹಳೆಯದರ ಬಾಲಕ್ಕೆ ಹೊಸದರ ತಲೆ ಸೇರಿಕೊಂಡು ಹೋಗುತ್ತಿರುತ್ತದೆ. ಅಜ್ಜ ಹೂಡಿದ ಮಗ್ಗದಲ್ಲಿ ಮೊಮ್ಮಗ ನೇಯುತ್ತಾನೆ, ನಡುವೆ ಸುಮ್ಮಸುಮ್ಮನೆ ಎಳೆ ಕಡಿಯುವಂತಿಲ್ಲ. ಕಡಿಯುವುದು ಸಾವಿನ ಮನೆಯಲ್ಲಿ ಮಾತ್ರ. ಅಂದು ಓಣಿಯ ಹಿರಿಯರು ಬಂದು, ಮಗ್ಗದ ಮೇಲಿರುವ ಬಟ್ಟೆ ಅರ್ಧವಾಗಿರಲಿ ಮುಕ್ಕಾಲಾಗಿರಲಿ, ಕತ್ತರಿಸಿ ತೆಗೆದು ಸತ್ತವರ ಹತ್ತಿರದವರ ಮಡಿಲಿಗೆ ಹಾಕುತ್ತಾರೆ. ತಾಯಿ ಹೋದ ದಿನ ಆ ತುಂಡು ಬಟ್ಟೆ ಅಕ್ಕನ ಮಡಿಲಿಗೆ ಬಿದ್ದಿತ್ತು.

ಮುಂದೆ ಅಕ್ಕನಿಗೆ ಮದುವೆಯಾಯಿತು. ಗಂಡನ ಊರು ಹೊಳೆಯಾಚೆ. ಅವರು ನೇಯ್ಗೆ ಬಿಟ್ಟು ಹೊಲ ಹಿಡಿದ ಜನ. ಎಷ್ಟೋ ಸೀರೆ ನೇಯ್ದ ಅಕ್ಕ, ತಾನು ನೇಯ್ದದ್ದನ್ನು ಒಂದು ದಿನವೂ ಉಟ್ಟವಳಲ್ಲ. ಮಗ್ಗದ ಮೇಲಿನದು ನೂಲು ಕೊಟ್ಟ ಸಾಹುಕಾರನದು, ಮೈಮೇಲಿನದು ಹಳೆಯದು, ಅವರ ಬಾಳೇ ಹಾಗೆ. ಮದುವೆಯಲ್ಲೂ ಗಂಡಿನವರು ತಂದ ಸೀರೆಯನ್ನೇ ಉಟ್ಟು ಬಂಡಿ ಹತ್ತಿದಳು. ತಮ್ಮ ಬಂಡಿಯ ಹಿಂದೆ ಹೊಳೆಯವರೆಗೂ ನಡೆದ.

"ಅಕ್ಕಾ, ನಿನಗ ನನ್ನ ಕೈಯಾರೆ ಒಂದು ಸೀರಿ ನೇಯ್ದು ತರ್ತೀನಿ," ಎಂದ. "ಅದನ್ನ ಉಡಿಸಿ ಪಂಚಮಿಗೆ ಕರಕೊಂಡು ಬರ್ತೀನಿ."

ಅಕ್ಕ ಅಳುತ್ತಲೇ ನಕ್ಕಳು. "ಒಂದು ಎಳಿ ಬಿಟ್ಟಿದ್ದರೂ ಉಡೂದಿಲ್ಲ ನೋಡು," ಎಂದಳು.

ಆ ಸೀಮೆಯಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು. ಕರೆಯದೆ ಹೆಣ್ಣುಮಗಳು ತಾನಾಗಿ ಹೊಸ್ತಿಲು ದಾಟಿ ಬರುವಂತಿಲ್ಲ.

ನೇಕಾರ ಮನೆಗೆ ಬಂದು ಮಗ್ಗದ ಮುಂದೆ ಕುಳಿತ. ಸಾಹುಕಾರನ ಸೀರೆ ಮುಗಿಯಲು ಬಂದಿತ್ತು. ಅದರ ಬಾಲಕ್ಕೆ ಅಕ್ಕನ ಸೀರೆಯ ಹಾಸನ್ನು ಕೆಚ್ಚಬೇಕು, ಅಷ್ಟೇ ಕೆಲಸ. ಆದರೆ ಅವನ ಕೈ ಏಳಲಿಲ್ಲ. ಇದು ಯಾರೋ ಕಂಡರಿಯದವರು ಉಡುವ ಸೀರೆ. ಇದರ ತುದಿಗೆ ಅಕ್ಕನ ಸೀರೆಯನ್ನು ಗಂಟು ಹಾಕುವುದೇ? ಅಕ್ಕನದು ಬೇರೆಯೇ ಆಗಬೇಕು. ಬರಿದಾದ ಮಗ್ಗಕ್ಕೆ ಮೊದಲ ಎಳೆಯಿಂದ ಏರಿಸಬೇಕು. ಹಿಂದೆ ಯಾರದೂ ಇರಬಾರದು, ಮುಂದೆ ಯಾರದೂ ಇರಬಾರದು.

ಪಕ್ಕದ ಮನೆಯ ನೇಕಾರ ಕೇಳಿ ನಕ್ಕ. "ಕೆಚ್ಚಿದ ಗಂಟು ಸೀರಿಯೊಳಗ ಬರೂದೇ ಇಲ್ಲಲ್ಲೋ, ಅತ್ತ ಕತ್ತರಿಸಿ ಹೋಗ್ತದ," ಎಂದ.

"ಸೀರಿಗೆ ಗೊತ್ತಾಗಲಿಕ್ಕಿಲ್ಲ, ನನಗ ಗೊತ್ತಿರ್ತದಲ್ಲ," ಎಂದ ಇವನು.

ಮಗ್ಗ ಬರಿದಾಗುವುದು ಯಾವಾಗ ಎಂದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಆಸೆಯೊಂದು ಹೊಟ್ಟೆಯಲ್ಲಿ ಕುಳಿತರೆ ಮನುಷ್ಯ ತನಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದವನ ಹಾಗೆ ನಡೆದುಕೊಳ್ಳುತ್ತಾನೆ. ಎಂದಾದರೊಂದು ದಿನ ಸಾಹುಕಾರ ನೂಲು ಕಳಿಸುವುದು ತಡವಾದೀತು, ಹಿರಿಯರು ಕಟ್ಟಳೆ ಸಡಿಲಿಸಿಯಾರು, ಮಗ್ಗ ತಾನೇ ಒಂದು ಹೊತ್ತು ಬರಿದಾಗಿ ನಿಂತೀತು ಎಂದು ಕಾದ. ಸಾಹುಕಾರ ತಡ ಮಾಡುವ ಪೈಕಿಯವನಲ್ಲ. ಹಳೆಯ ಹಾಸು ಗೇಣಿಗೆ ಬರುವ ಮೊದಲೇ ಹೊಸ ನೂಲಿನ ಗಂಟು ಅಂಗಳದಲ್ಲಿ ಬಿದ್ದಿರುತ್ತಿತ್ತು. ನೇಕಾರ ನಿಟ್ಟುಸಿರು ಬಿಟ್ಟು ಕೆಚ್ಚಲು ಕೂರುತ್ತಿದ್ದ.

"ಹಾಗಾದರೆ ಅವನು ಸೋಮಾರಿ," ಎಂದ ಮುಕ್ಕಣ್ಣ.

"ಸೋಮಾರಿಯಾಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನು ಬೇಳೆ ಆರಿಸುತ್ತಿದ್ದೆ," ಎಂದು ಗುರು ಕತೆ ಮುಂದುವರಿಸಿದರು.

ಪಂಚಮಿ ಬಂತು, ಹೋಯಿತು. ಮತ್ತೊಂದು ಪಂಚಮಿ ಬಂತು, ಹೋಯಿತು. ಎರಡೂ ಊರಿಗೆ ತಿರುಗಿ ಉಪ್ಪು ಮಾರುವ ಒಬ್ಬಳಿದ್ದಳು. ಬುಟ್ಟಿಯಲ್ಲಿ ಉಪ್ಪು, ನಾಲಿಗೆಯಲ್ಲಿ ಖಾರ. ಪ್ರತಿ ವರ್ಷ ಶ್ರಾವಣ ಹುಟ್ಟುವ ಮೊದಲು ಅವಳು ನೇಕಾರನ ಬಾಗಿಲಲ್ಲಿ ಬುಟ್ಟಿ ಇಳಿಸಿ ಹೇಳುತ್ತಿದ್ದಳು: "ನಿಮ್ಮಕ್ಕ ಕೇಳ್ಯಾಳ, ತಮ್ಮ ಯಾವಾಗ ಬರ್ತಾನಂತ."

"ಮಗ್ಗ ಬರಿದಾದ ದಿನ ಬರ್ತಾನಂತ ಹೇಳವ್ವಾ," ಎನ್ನುತ್ತಿದ್ದ ನೇಕಾರ.

ಉಪ್ಪಿನವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು. ಅವಳು ನೇಕಾರರ ಪೈಕಿಯವಳಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಮುಟ್ಟಿಸುತ್ತಿದ್ದಳು.

ಒಂದು ವರ್ಷ ಅವನಿಗೆ ತಡೆಯಲಾಗಲಿಲ್ಲ. ಲಾಳಿ ಕೆಳಗಿಟ್ಟು ಎದ್ದು ಹೊಳೆಯ ದಂಡೆಯವರೆಗೂ ಹೋದ. ಅಂಬಿಗ ಹರಿಗೋಲು ಹಿಡಿದು ನಿಂತಿದ್ದ. ನೇಕಾರ ತನ್ನ ಕೈ ನೋಡಿಕೊಂಡ. ಬರಿಗೈಯಲ್ಲಿ ಹೋಗಿ ಅಕ್ಕನ ಮುಂದೆ ಏನೆಂದು ನಿಲ್ಲಲಿ ಎನ್ನಿಸಿತು. ಅಂಬಿಗನಿಗೆ ಏನೋ ನೆಪ ಹೇಳಿ ಹಿಂದಿರುಗಿದ. ಆ ದಿನ ಅವನಿಗೆ ಅನ್ನ ಸೇರಲಿಲ್ಲ.

ಜನ ಹೆಣ್ಣಿನ ಸಂಬಂಧ ತಂದರು. "ಅಕ್ಕ ಬಂದು ಆರತಿ ಎತ್ತದೆ ನನಗೆಂಥ ಮದುವಿ," ಎಂದು ಅವರನ್ನೂ ಕಳಿಸಿಬಿಟ್ಟ. ಮನೆಯಲ್ಲಿ ಅವನೊಬ್ಬನೇ ಉಳಿದ. ಆದರೆ ಅವನಿಗೆ ಒಂಟಿ ಅನ್ನಿಸುತ್ತಿರಲಿಲ್ಲ. ಲಾಳಿ ಆ ಕಡೆ ಈ ಕಡೆ ಓಡುತ್ತಿದ್ದಾಗ ಅವನು ಮನಸ್ಸಿನಲ್ಲಿ ಇನ್ನೊಂದು ಸೀರೆ ನೇಯುತ್ತಿದ್ದ. ಒಂದು ವರ್ಷ ಅದಕ್ಕೆ ಮಾವಿನ ಚಿಗುರಿನ ಬಣ್ಣ ಬಂತು. ಮರುವರ್ಷ ಅದು ಸಪ್ಪೆ ಎನ್ನಿಸಿ ನವಿಲಿನ ಕುತ್ತಿಗೆಯ ಬಣ್ಣವಾಯಿತು. ಸೆರಗಿನ ಮೇಲೆ ಒಮ್ಮೆ ತೇರು, ಒಮ್ಮೆ ಹಂಸ. ಅದನ್ನು ಉಟ್ಟ ಅಕ್ಕ ಏನು ಅನ್ನುತ್ತಾಳೆ, ತಾನು ಏನು ಹೇಳುತ್ತೇನೆ, ಅದಕ್ಕೆ ಅವಳು ಹೇಗೆ ನಗುತ್ತಾಳೆ, ಎಲ್ಲವನ್ನೂ ಅವನು ಬಾಯಲ್ಲೇ ಗುನುಗಿಕೊಳ್ಳುತ್ತಿದ್ದ. ಓಣಿಯವರು ನೋಡಿ ನಗುತ್ತಿದ್ದರು. ಅವನಿಗೆ ಪರಿವೆಯಿರಲಿಲ್ಲ. ಸಂಜೆ ಮಗ್ಗದಿಂದ ಎದ್ದಾಗ ಕಣ್ಣು ತೇವವಾಗಿರುತ್ತಿದ್ದವು, ಎದೆ ತುಂಬಿರುತ್ತಿತ್ತು. ಅಕ್ಕನನ್ನು ತನ್ನಷ್ಟು ನೆನೆಯುವ ತಮ್ಮ ಈ ಸೀಮೆಯಲ್ಲೇ ಇಲ್ಲ ಎಂದು ಅವನಿಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು.

ಹೀಗೇ ಕೂದಲು ಬೆಳ್ಳಗಾದವು.

ಒಂದು ವರ್ಷ ಉಪ್ಪಿನವಳು, ಈಗ ಅವಳೂ ಮುದುಕಿ, ಬಂದಾಗ ಬುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ನಿಂತಳು.

"ನಿನ್ನ ಸೀರಿ ಬಣ್ಣ ಇನ್ನ ನೀನೇ ನೋಡಿಕೋ," ಎಂದಳು. "ನಿಮ್ಮಕ್ಕನ ಕಣ್ಣು ಹೋದವು. ಆಕಿಗೆ ಈಗ ಹಗಲೂ ಅಷ್ಟೇ, ರಾತ್ರಿನೂ ಅಷ್ಟೇ."

ನೇಕಾರನ ಕೈಯಿಂದ ಲಾಳಿ ಜಾರಿತು. ಮಾವಿನ ಚಿಗುರು, ನವಿಲಿನ ಕುತ್ತಿಗೆ, ಹಂಸ, ತೇರು, ಎಲ್ಲವೂ ಒಂದೇ ಮಾತಿಗೆ ಬೂದಿಯಾದವು. ಅವನು ಆಮೇಲೆ ಯೋಚಿಸಲಿಲ್ಲ. ಯೋಚಿಸಿದ್ದರೆ ಮತ್ತೊಂದು ವರ್ಷ ಹೋಗುತ್ತಿತ್ತು. ಚಾಕು ತೆಗೆದುಕೊಂಡು, ಮಗ್ಗದ ಮೇಲೆ ಅರ್ಧಕ್ಕೆ ಬಂದಿದ್ದ ಸಾಹುಕಾರನ ಸೀರೆಯನ್ನು ಅಡ್ಡಡ್ಡ ಕತ್ತರಿಸಿದ. ತಾಯಿ ಹೋದ ಮೇಲೆ ಒಂದಕ್ಕೊಂದು ಸೇರಿ ಬಂದಿದ್ದ ಎಳೆಗಳಿಗೆ ಮತ್ತೆ ಕತ್ತರಿ ಬಿದ್ದದ್ದು ಅಂದೇ. ಆ ತುಂಡನ್ನು ಬಗಲಲ್ಲಿ ಇಟ್ಟುಕೊಂಡು ಹೊಳೆಯ ದಾರಿ ಹಿಡಿದ. ಓಣಿಯವರು ಮಗ್ಗದ ಸದ್ದು ನಿಂತದ್ದನ್ನು ಕೇಳಿ ಹೊರಗೆ ಬಂದು, ಯಾರು ಹೋದರು ಯಾರು ಹೋದರು ಎಂದು ಕೇಳುತ್ತಿದ್ದರು. ಅವನು ತಿರುಗಿ ನೋಡಲಿಲ್ಲ.

ಅಕ್ಕನ ಮನೆಗೆ ಬಂದಾಗ ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಅಕ್ಕ ಒಬ್ಬಳೇ ಜಗುಲಿಯ ಮೇಲೆ ಕುಳಿತಿದ್ದಳು. ಎಷ್ಟು ಸಣ್ಣಗಾಗಿದ್ದಳು! ಸೊಂಟದ ಮೇಲೆ ತನ್ನನ್ನು ಹೊತ್ತವಳು ಇವಳೇನಾ ಎನ್ನಿಸಿತು. ಹೆಜ್ಜೆಯ ಸದ್ದು ಕೇಳಿ ಅವಳು ಮುಖ ಎತ್ತಿದಳು.

"ಯಾರು?"

ಅಷ್ಟು ವರ್ಷ ಗುನುಗಿ ಗುನುಗಿ ಇಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನು ಮೊಣಕಾಲೂರಿ, ತಂದ ಬಟ್ಟೆಯನ್ನು ಅವಳ ಮಡಿಲಲ್ಲಿ ಇಟ್ಟ.

ಅಕ್ಕನ ಬೆರಳು ಬಟ್ಟೆಯ ಮೇಲೆ ಓಡಿದವು. ನೇಯ್ಗೆಯ ಬಿಗಿ ನೋಡಿದವು, ಅಂಚು ಹಿಡಿದು ಮುಂದಕ್ಕೆ ಹೋದವು. ಮಗ್ಗದ ಮನೆಯ ಮಗಳ ಬೆರಳು ಅವು, ಕಣ್ಣು ಬೇಡ ಅವಕ್ಕೆ. ಹೋಗುತ್ತಾ ಹೋಗುತ್ತಾ ಬಟ್ಟೆ ಮುಗಿದ ಕಡೆ ಬಂದವು. ಅಲ್ಲಿ ಸೆರಗಿರಲಿಲ್ಲ, ಕಟ್ಟಿದ ಕುಚ್ಚಿರಲಿಲ್ಲ. ನಡುವೆಯೇ ಕಡಿದ ಎಳೆಗಳಿದ್ದವು. ಬೆರಳು ಅಲ್ಲೇ ನಿಂತವು.

ಅಕ್ಕ ಆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಒಮ್ಮೆಲೇ ಗೋಳಿಟ್ಟಳು.

"ನನ್ನ ತಮ್ಮ ಹೋದಾ! ಅಯ್ಯೋ, ನನ್ನ ಕೂಸು ಹೋತಲ್ಲೋ!" ಎಂದು ಹಣೆ ಬಡಿದುಕೊಂಡಳು. "ನಾ ಕುರುಡಿ ಇನ್ನೂ ಕುಂತೀನಿ, ಅವನ ಮಗ್ಗ ಬರಿದಾತಲ್ಲೋ ಶಿವನೇ!"

ಸತ್ತವರ ಮಗ್ಗದಿಂದ ಕತ್ತರಿಸಿದ ಬಟ್ಟೆಯನ್ನು ಓಣಿಯ ಹಿರಿಯರು ಯಾರೋ ತಂದು ತನ್ನ ಮಡಿಲಿಗೆ ಹಾಕಿದರೆಂದೇ ಅವಳು ತಿಳಿದಳು. ತನ್ನ ಸಾವಿಗೆ ಅಕ್ಕ ಅಳುವುದನ್ನು ನೇಕಾರ ಕಣ್ಣಾರೆ ನೋಡಿದ. ಅದು ಸುಲಭದ ನೋಟವಲ್ಲ.

"ಅಕ್ಕಾ, ನಾನು. ಸತ್ತಿಲ್ಲ ಅಕ್ಕಾ, ನಾನೇ ಬಂದೀನಿ," ಎಂದು ಅವಳ ಎರಡೂ ಕೈ ಹಿಡಿದುಕೊಂಡ.

ಅಕ್ಕ ನಂಬಲಿಲ್ಲ. ಅವನ ಮುಖವನ್ನೆಲ್ಲ ತಡವಿದಳು. ಕೆನ್ನೆಯ ಸುಕ್ಕು ತಡವಿದಳು, ನರೆತ ಮೀಸೆ ತಡವಿದಳು. ತಾನು ಬಿಟ್ಟು ಬಂದ ತಮ್ಮನಿಗೆ ಅವೆರಡೂ ಇರಲಿಲ್ಲ. ಕೊನೆಗೆ ತಲೆಯನ್ನು ಹಿಡಿದು ಮೂಸಿದಳು, ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂತು. ಆಗ ಅವನ ತಲೆಗೆ ಒಂದು ಮೊಟಕಿದಳು. ಮೊಟಕಿ, ಅದೇ ತಲೆಯನ್ನು ಮಡಿಲಿಗೆ ಎಳೆದುಕೊಂಡು ಇನ್ನೊಮ್ಮೆ ಅತ್ತಳು. ಈ ಅಳು ಬೇರೆ.

ಸ್ವಲ್ಪ ಹೊತ್ತಿನ ಮೇಲೆ ನೇಕಾರ ಹೇಳಿದ: "ಮಗ್ಗ ಬರಿದಾಗಲಿ ಅಂತ ಕಾದೆ ಅಕ್ಕಾ. ನಿನ್ನ ಸೀರಿ ಯಾರ ಬಾಲಕ್ಕೂ ಕೆಚ್ಚಬಾರದು ಅಂತ. ದಿನಾ ನಿನ್ನ ನೆನಸ್ತಿದ್ದೆ. ಒಂದು ದಿನಾನೂ ಬಿಟ್ಟಿಲ್ಲ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಉಪ್ಪಿನಾಕಿ ವರ್ಷಾ ವರ್ಷಾ ಬಂದು ಹೇಳ್ತಿದ್ದಳು, ಮಗ್ಗ ಬರಿದಾದ ದಿನ ನಿನ್ನ ತಮ್ಮ ಬರ್ತಾನಂತ," ಎಂದಳು. "ನಾನೂ ಮಗ್ಗದ ಮನಿಯಾಕಿ ಅಲ್ಲೇನೋ? ಆ ಮನ್ಯಾಗ ಇರಾಂವ ನೀ ಒಬ್ಬನೇ. ಮಗ್ಗ ಬರಿದಾಗೂದು ಅಂದರ ಏನು? ಪಂಚಮಿ ದಿನ ತಲಿ ಎರಕೊಂಡು, ಗಂಟು ಕಟ್ಟಿಕೊಂಡು ಇಲ್ಲೇ ಕುಂದ್ರತಿದ್ದೆ, ಹಾದಿ ನೋಡಕೋತ. ನಾಗಪ್ಪಗ ಹಾಲು ಎರೀವಾಗ ಮಾತ್ರ, ನನ್ನ ತಮ್ಮನ ಮಗ್ಗ ಬರಿದಾಗೂದು ಬ್ಯಾಡಪ್ಪಾ ಅಂತ ಬೇಡಿಕೋತಿದ್ದೆ. ಬಾ ಅಂತ ಹಾದಿ ನೋಡೂದು, ಬರಬ್ಯಾಡ ಅಂತ ದೇವರಿಗೆ ಹೇಳೂದು. ಎರಡೂ ಮಾಡಿ ಮಾಡಿ ಈ ಕಣ್ಣು ಸೋತವು."

ಅಷ್ಟು ವರ್ಷ ಪ್ರತಿ ಶ್ರಾವಣಕ್ಕೂ ತಾನು ಕಳಿಸಿದ ಮಾತು ಹೊಳೆ ದಾಟಿ ಹೋಗಿ ಅಕ್ಕನ ಎದೆಯಲ್ಲಿ ಏನಾಗಿ ಬೀಳುತ್ತಿತ್ತು ಎಂದು ನೇಕಾರನಿಗೆ ಅಂದು ತಿಳಿಯಿತು. ನಾಚಿಕೆಯಾಯಿತು. ಅಳುವುದಕ್ಕೂ ನಾಚಿಕೆಯಾಯಿತು.

ಅಕ್ಕ ಬಟ್ಟೆಯನ್ನು ಮತ್ತೆ ಬಿಡಿಸಿ ಮಡಿಲಲ್ಲಿ ಹರಡಿಕೊಂಡಳು. "ಹೊಕ್ಕಿನ ಎಳಿ ಛಲೋ ಹೊಡದೀ," ಎಂದಳು. "ಯಾವ ಬಣ್ಣ?"

ದಿನಗಟ್ಟಲೆ ಕೈಯಾಡಿಸಿದ ಸೀರೆ ಅದು, ಆದರೆ ಅದರ ಬಣ್ಣ ಯಾವುದು ಎಂದು ನೇಕಾರ ನೋಡಿರಲಿಲ್ಲ. ಅವನ ಕಣ್ಣು ಸದಾ ಆ ಇನ್ನೊಂದು ಸೀರೆಯ ಮೇಲೆ ಇತ್ತು. ಈಗ ಬಗ್ಗಿ ನೋಡಿದ.

"ಈರುಳ್ಳಿ ಸಿಪ್ಪಿ ಬಣ್ಣ ಅಕ್ಕಾ," ಎಂದ. "ಅಂಚು ಕೆಂಪು. ಬಿಸಲಾಗ ಹಿಡದರ ಚಂದ ಕಾಣತದ."

"ಹಿಡಿ ಹಂಗಾದರ," ಎಂದಳು ಅಕ್ಕ.

ಅವನು ಬಿಸಿಲಿಗೆ ಹಿಡಿದ. ಕಣ್ಣು ಕಾಣದ ಅಕ್ಕನ ಎದುರು ಅದನ್ನು ಎತ್ತಿ ಹಿಡಿದುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಅಕ್ಕ ಆ ಅರ್ಧ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಹೊಲದಿಂದ ಬಂದ ಮನೆಯವರಿಗೆ ಹೇಳಿ, ತಮ್ಮನ ಕೈ ಹಿಡಿದು ತವರಿಗೆ ಹೊರಟಳು. ಹಬ್ಬಕ್ಕೆ ಇನ್ನೂ ದಿನಗಳಿದ್ದವು. ದಾರಿಯುದ್ದಕ್ಕೂ ಬೈಯುತ್ತಲೇ ಬಂದಳು, ಬರಿದು ಮಾಡಿಟ್ಟು ಬಂದ ಮಗ್ಗಕ್ಕೆ ಎಳೆ ಏರಿಸುವವರು ಯಾರು, ನಮ್ಮಜ್ಜನೇ ಎಂದು.

ಗುರು ಕತೆ ನಿಲ್ಲಿಸಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

"ಆಮೇಲೆ ಅಕ್ಕ ಎಷ್ಟು ದಿನ ಇದ್ದಳು?" ಎಂದು ಮುಕ್ಕಣ್ಣ ಕೇಳಿದ. ಅವನ ದನಿ ಬದಲಾಗಿತ್ತು.

"ಇದ್ದಷ್ಟು ದಿನ ಇದ್ದಳು."

ಮುಕ್ಕಣ್ಣ ಹೇಳಿದ, "ನೇಕಾರನ ಹಂಬಲ ಪ್ರೀತಿಯೋ ರೋಗವೋ, ನೀವು ಹೇಳಲೇ ಇಲ್ಲ."

ಗುರು ತಲೆ ಎತ್ತಿ ಅವನನ್ನು ನೋಡಿದರು.

"ನಿನ್ನ ಮನಸ್ಸು ಎಳೆಯುವ ಕಡೆ ನಿನ್ನ ಹಾದಿ ಕಾಯುತ್ತಿರುವವರು ಯಾರು, ಮುಕ್ಕಣ್ಣ?"